ನಾಯಿ ಮಾಡಿದ ಪಾಪ

ಮನುಷ್ಯ ಸತ್ತರೆ ಜನ ಮೊದಲು ವಯಸ್ಸು ಕೇಳುತ್ತಾರೆ. ನಾಯಿ ಸತ್ತರೆ ಜಾತಿ ಕೇಳುತ್ತಾರೆ. ನಮ್ಮ ಟೈಗರ್ ಹೋದ ವಾರವೆಲ್ಲ ಬೀದಿಯಲ್ಲಿ ಸಿಕ್ಕಿದವರದು ಒಂದೇ ರಾಗ. "ಅಯ್ಯೋ ಪಾಪ, ಹೋಗ್ಬುಡ್ತಾ? ಯಾವ್ ಜಾತಿದು ಅದು?" ಬೀದೀದು ಅಂದರೆ ಸಾಕು, ಮುಖದ ಮೇಲಿದ್ದ ದುಃಖ ಅರ್ಧಕ್ಕರ್ಧ ಇಳಿದುಬಿಡುತ್ತಿತ್ತು. "ಓ, ನಾಟಿನಾ!" ಎಂದು ಮುಂದಕ್ಕೆ ಹೋಗುವರು. ಇದೇ ಜನ ಕೋಳಿ ಅಂಗಡಿಯಲ್ಲಿ ನಾಟಿ ಅಂದರೆ ಕೇಳಿದಷ್ಟು ದುಡ್ಡು ಎಣಿಸಿಕೊಟ್ಟು ಬರುತ್ತಾರೆ.

ಮುಧೋಳದ್ದು ಅಂದಿದ್ದರೆ ನಿಂತು ಮಾತಾಡುತ್ತಿದ್ದರೋ ಏನೋ. ಅದರ ಮರ್ಯಾದೆಯೇ ಬೇರೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಯಿಗಳ ಮೇಲೆ ಅಂಚೆ ಚೀಟಿ ತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಗಳ ಸಾಲಿನಲ್ಲಿ ಮುಧೋಳವೂ ಇತ್ತು. ಅಂಚೆಗೂ ನಮ್ಮವನಿಗೂ ಇದ್ದ ಸಂಬಂಧ ಪೋಸ್ಟ್‌ಮ್ಯಾನ್ ಸೈಕಲ್ಲಿನ ಹಿಂದೆ ಓಡುವಷ್ಟರದು. ಇನ್ನು ಲ್ಯಾಬ್ರಡಾರ್ ಆಗಿದ್ದರಂತೂ ಕೇಳುವುದೇ ಬೇಡ. 2022ರಲ್ಲಿ '777 ಚಾರ್ಲಿ' ಬಂದಾಗ ನಮ್ಮ ಮಂಡ್ಯದ ಟಾಕೀಸಿನಲ್ಲಿ ಗಂಡಸರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೂ ಅತ್ತರು, ಪೇಪರಿನಲ್ಲಿ ಫೋಟೊ ಬಂತು. ಅವರ ಮನೆಯ ನಾಯಿ ಹಿಂದಿನ ವರ್ಷವಷ್ಟೇ ತೀರಿಕೊಂಡಿತ್ತು. ಹಾಗಾಗಿ ಆ ಅಳುವಿನ ಮೇಲೆ ನನಗೆ ಅನುಮಾನವಿಲ್ಲ. ನನ್ನ ತಕರಾರು ಟವೆಲ್ಲಿನವರ ಮೇಲೆ ಮಾತ್ರ.

ಜಾತಿ ಆದ ಮೇಲೆ ಎರಡನೆಯ ಮಾತು, "ಇನ್ನೊಂದು ತಂದ್ಬುಡಿ, ಎಲ್ಲ ಮರ್ತೋಯ್ತದೆ." ಹೆಂಡತಿ ಸತ್ತವನಿಗೂ ಹೀಗೇ ಹೇಳುವ ಜನ ನಮ್ಮ ಕಡೆ ಉಂಟು. ಆದರೆ ಅವನಿಗೆ ಹನ್ನೊಂದನೇ ದಿನ ಕಳೆಯುವ ತನಕವಾದರೂ ಬಿಡುವು ಕೊಡುತ್ತಾರೆ.

ಇವೆರಡನ್ನೂ ಆಡದಿದ್ದವರು ಹಿತ್ತಲ ಬೇಲಿಯಾಚೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಟೈಗರನ ಜೀವಮಾನದುದ್ದಕ್ಕೂ ಅವನ ಮೇಲೆ ಫಿರ್ಯಾದು ಹೇಳುತ್ತ ಬಂದವರು. ಸಂಜೆ ತೊಂಡೆಬಳ್ಳಿ ಸರಿಸಿ ತಂತಿಗೆ ಮೊಣಕೈ ಊರಿ ನಿಂತು, ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಾ ಗೌಡ್ರೆ, ನನ್ನ ಎಡಗಾಲಿನ ಚಪ್ಪಲಿಗಳ ಲೆಕ್ಕ ಇನ್ನು ಯಾರನ್ನ ಕೇಳಲಿ?" ಎಂದರು. ನನಗೆ ನಗು ಬಂತು. ಅವರಿಗೂ ಬಂತು. ಆಮೇಲೆ ಇಬ್ಬರಿಗೂ ಬರಬಾರದ್ದು ಬಂತು, ಇಬ್ಬರೂ ತೊಂಡೆಕಾಯಿ ನೋಡುತ್ತ ನಿಂತೆವು.

ಅವತ್ತಿನಿಂದ ಬೇಲಿಯ ಹತ್ತಿರ ದಿನಾ ಇದೇ ಹರಟೆ. ಮನುಷ್ಯ ಸತ್ತ ಮನೆಯ ಮಾತಿನಲ್ಲಿ ನನಗೆ ಎಂದೂ ನಂಬಿಕೆಯಿಲ್ಲ. ಜೀವಮಾನವಿಡೀ ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಅಲೆದವನೂ ಹೆಣವಾದ ಕೂಡಲೇ ದೇವರಂಥ ಮನುಷ್ಯನಾಗುತ್ತಾನೆ. ಸತ್ತವರನ್ನು ಆಡಬಾರದು ಅಂತ ಶಾಸ್ತ್ರ. ನಾಯಿಗೆ ಆ ಶಾಸ್ತ್ರ ಇಲ್ಲ. ಅದು ಸತ್ತ ಮೇಲೆ ನಾವು ಹೇಳಿಕೊಳ್ಳುವುದೆಲ್ಲ ಅದು ಏನೇನು ಹಾಳು ಮಾಡಿತು, ಯಾರ ಮಾನ ಕಳೆಯಿತು ಅನ್ನುವುದೇ. ಟೈಗರ್ ನಿಷ್ಠಾವಂತ, ಸ್ವಾಮಿಭಕ್ತ ಎಂದು ಮೇಷ್ಟ್ರೇನಾದರೂ ಶುರುಮಾಡಿದ್ದರೆ ನಾನು ಒಳಗೆ ಎದ್ದು ಹೋಗಿರುತ್ತಿದ್ದೆ. ನಿಷ್ಠೆಯ ವಿಚಾರ ಬಿಡಿ, ಕಳ್ಳ ಬಂದು ನಮ್ಮ ಬಚ್ಚಲ ಮನೆಯ ತಾಮ್ರದ ಹಂಡೆ ಹೊತ್ತುಕೊಂಡು ಹೋದ ರಾತ್ರಿ ಅವನು ವರಾಂಡದಲ್ಲಿ ಗೊರಕೆ ಹೊಡೆಯುತ್ತಿದ್ದ. ಬೆಳಿಗ್ಗೆ ಪೊಲೀಸಿನವರು ಬಂದಾಗ ಅವರನ್ನು ಗೇಟಿನೊಳಕ್ಕೆ ಕಾಲಿಡಗೊಡಲಿಲ್ಲ. "ರಾತ್ರಿ ಈ ನಾಯಿ ಇತ್ತಾ ಇಲ್ಲಿ?" ಎಂದು ಕೇಳಿದ ಪೇದೆಗೆ ಏನು ಹೇಳುವುದು? ಗ್ಯಾಸಿನವನು, ಕರೆಂಟ್ ಬಿಲ್ಲಿನವನು, ಪೇಪರ್ ಹುಡುಗ, ಹೀಗೆ ನಮಗೆ ಬೇಕಾದವರ ಮೇಲೆಲ್ಲ ಅವನಿಗೆ ಕಣ್ಣು.

ಮೇಷ್ಟ್ರ ಮನೆಯಾಕೆಯನ್ನು ನಮ್ಮವಳು ಅಕ್ಕ ಅನ್ನುತ್ತಾಳೆ. ಅಕ್ಕನ ದೂರು ಸಂಡಿಗೆಯದು. ಬೇಸಿಗೆಯಲ್ಲಿ ಅವರು ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟರೆ ಟೈಗರ್ ಮೆಟ್ಟಿಲು ಹತ್ತಿ ಹೋಗಿ ಕಾವಲು ಕೂರುತ್ತಿದ್ದ. ಒಂದು ಕಾಗೆ ಹತ್ತಿರ ಸುಳಿಯಬೇಕಲ್ಲ! ಅಕ್ಕ ಮೆಚ್ಚಿಕೊಂಡು ಬೀದಿಗೆಲ್ಲ ಹೇಳಿದರು. ಮೂರನೇ ಹೊತ್ತಿಗೆ ಪಂಚೆ ಎತ್ತಲು ಹೋದರೆ ಪಂಚೆಯೊಂದೇ ಇತ್ತು.

ಇನ್ನು ಚಪ್ಪಲಿ. ಜೊತೆ ಒಯ್ದಿದ್ದರೆ ಕಳ್ಳತನ ಅನ್ನಬಹುದು, ಬರೀ ಎಡಗಾಲಿನದನ್ನೇ ಒಯ್ದರೆ ಏನನ್ನುವುದು? ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು 60 ಲಕ್ಷದಷ್ಟಿದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲಂತೆ. ಮನುಷ್ಯನ ಮೈಯ ಬೆವರೆಲ್ಲ ಇಳಿದು ನಿಲ್ಲುವ ಜಾಗ ಚಪ್ಪಲಿ. ನಾವು ಅದನ್ನು ಬಿಟ್ಟುಹೋದರೂ ಅವನ ಪಾಲಿಗೆ ನಾವು ಅಲ್ಲೇ ಇರುತ್ತೇವೆ. ಅಷ್ಟು ಮಟ್ಟಿಗೆ ಒಪ್ಪೋಣ. ಆದರೆ ಎಡಗಾಲೇ ಯಾಕೆ, ಅದೂ ಮೇಷ್ಟ್ರದೇ ಯಾಕೆ ಎನ್ನುವುದಕ್ಕೆ 20 ಕೋಟಿ ಕಣಗಳಲ್ಲೂ ಉತ್ತರವಿಲ್ಲ. "ಎಡಪಂಥೀಯ" ಎಂದು ಮೇಷ್ಟ್ರು ತೀರ್ಮಾನಿಸಿದ್ದರು.

ಮನೆಯೊಳಗಿನ ಫಜೀತಿ ಬೇರೆಯೇ. ನಾನೂ ನನ್ನ ಹೆಂಡತಿಯೂ ಎಷ್ಟೋ ವರ್ಷದಿಂದ ಟೈಗರನ ಮೂಲಕವೇ ಮಾತಾಡುತ್ತಿದ್ದೆವು ಎನ್ನುವುದು ಅವನು ಹೋದ ಮೇಲೇ ಗೊತ್ತಾದದ್ದು. "ನೋಡೋ ಟೈಗರ್, ನಿಮ್ಮಪ್ಪಂಗೆ ಹಾಲು ತನ್ನಿ ಅಂತ ಹೇಳಿ ಎಷ್ಟೊತ್ತಾಯ್ತು" ಎಂದು ಅವಳು. "ಟೈಗರ್, ಸಾರಿಗೆ ಉಪ್ಪು ಹಾಕೋದು ನಿಮ್ಮವ್ವ ಮರ್ತಿರಬೇಕು ಕಣೋ" ಎಂದು ನಾನು. ಕೋಪ, ಕುಹಕ, ಕೆಲವೊಮ್ಮೆ ಕ್ಷಮೆಯೂ ಅವನ ಕಿವಿಯ ಮೇಲೆ ಹಾದು ಹೋಗುತ್ತಿದ್ದುದರಿಂದ ಮೊನಚು ಕಡಿಮೆಯಾಗುತ್ತಿತ್ತು. ಈಗ ಅವಳು ನೇರವಾಗಿ "ರೀ, ಹಾಲು" ಅಂದರೆ ಜಗಳಕ್ಕೆ ಬಂದಂತೆ ಕೇಳುತ್ತದೆ. ಮುದ್ದೆಯ ವಿಷಯವೂ ಅಷ್ಟೇ. ತಪ್ಪಲೆಯ ಅಂಚು ಬಳಿದು ಕೊನೆಗೊಂದು ಪುಟ್ಟ ಮುದ್ದೆ ಕಟ್ಟುವುದು ಅವಳ ಕೈಗೆ ಬಂದುಬಿಟ್ಟಿದೆ. ಕಟ್ಟಿದ್ದನ್ನು ಎಸೆಯುವ ಹಾಗಿಲ್ಲ. ಅದನ್ನು ಈಗ ನಾನು ತಿನ್ನುತ್ತಿದ್ದೇನೆ, ಪ್ಯಾಂಟು ಸೊಂಟಕ್ಕೆ ಹತ್ತುತ್ತಿಲ್ಲ.

ಅವನ ಕಾಯಿಲೆಯ ಕತೆ ಉದ್ದ ಎಳೆಯುವುದು ಬೇಡ. ಮುದಿ ನಾಯಿಗಳಿಗೆ ಬರುವ ಕಿಡ್ನಿ ತೊಂದರೆ ಅವನಿಗೂ ಬಂತು. ನೀರು ಕುಡಿದಷ್ಟೂ ಬಾಯಾರಿಕೆ, ಊಟ ಮೂಸಿ ಮುಖ ತಿರುಗಿಸುವುದು, ಬಾಯಿಯ ದುರ್ವಾಸನೆ. ಪಶು ಆಸ್ಪತ್ರೆಯ ಡಾಕ್ಟ್ರು ಡ್ರಿಪ್ ಹಾಕಿದರು, ರಕ್ತ ಪರೀಕ್ಷೆಯ ಚೀಟಿ ನೋಡಿ, "ವಯಸ್ಸಾಯ್ತಲ್ಲ ಸರ್" ಅಂದರು. ಎಷ್ಟು ವಯಸ್ಸು ಅನ್ನುವುದರ ಮೇಲೆ ಮನೆಯಲ್ಲಿ ವಾದ. 12 ದಾಟಿದ್ದ. ನಾಯಿಯ ಒಂದು ವರ್ಷ ನಮ್ಮ ಏಳಕ್ಕೆ ಸಮ ಅನ್ನುವ ಹಳೇ ಲೆಕ್ಕದಲ್ಲಿ 84. ಮೊಮ್ಮಗಳು ಮೊಬೈಲ್ ತೆಗೆದು ಅದು ತಪ್ಪು ಎಂದಳು. 2020ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳ ಡಿಎನ್ಎ ಮೇಲೆ ವಯಸ್ಸು ಬಿಟ್ಟುಹೋಗುವ ಗುರುತು ನೋಡಿ ಹೊಸ ಲೆಕ್ಕ ಹಾಕಿದ್ದಾರೆ. ಅದರ ಪ್ರಕಾರ ನಾಯಿ ಮೊದಲ ವರ್ಷದಲ್ಲೇ ನಮ್ಮ 30ರ ಆಸುಪಾಸಿಗೆ ಬಂದುಬಿಡುತ್ತದೆ, ಆಮೇಲೆ ನಿಧಾನ. 12ಕ್ಕೆ ಬರುವ ಹೊತ್ತಿಗೆ 70 ಚಿಲ್ಲರೆ. ಅಂದರೆ ನನಗಿಂತ ಸ್ವಲ್ಪ ದೊಡ್ಡವನು. ಹುಟ್ಟಿದ ವರ್ಷ ಬಿಟ್ಟರೆ ಅವನಿಗೆ ಬಾಲ್ಯವೇ ಇರಲಿಲ್ಲ ಎನ್ನುವುದು ನನಗೆ ಬೇಸರದ ವಿಷಯ. ನಮ್ಮವಳಿಗೆ ಮಾತ್ರ, ಅಷ್ಟು ದೊಡ್ಡವನನ್ನ ಇಷ್ಟು ದಿನ "ಲೋ" ಅಂತ ಕರೆದೆನಲ್ಲ ಎಂದು ಸಂಕಟ.

ಹಿತ್ತಲಲ್ಲೇ ಹೂಳುವುದೆಂದಾಯಿತು. ತೆಂಗಿನ ಮರದ ಬುಡದಿಂದ ಎರಡು ಮಾರು ದೂರ, ಬೇಲಿಯ ಪಕ್ಕ. ಗುಂಡಿ ಎದೆಮಟ್ಟ ಇರಬೇಕು, ಇಲ್ಲದಿದ್ದರೆ ಬೇರೆ ನಾಯಿಗಳು ಕೆದಕುತ್ತವೆ ಎಂದು ಮೇಷ್ಟ್ರು ಆಚೆಯಿಂದಲೇ ಹೇಳಿದರು, ಹೇಳಿದವರು ಆಮೇಲೆ ಕಲ್ಲುಪ್ಪಿನ ಚೀಲ ಹಿಡಿದು ಈಚೆಗೆ ಬಂದರು. ತೋಟದ ಆಳು ಅಗೆಯುತ್ತಿದ್ದವನು ಗುದ್ದಲಿ ನಿಲ್ಲಿಸಿ ಏನನ್ನೋ ಎತ್ತಿ ತೋರಿಸಿದ. ತೊಗಲಿನ ಚಪ್ಪಲಿ, ಎಡಗಾಲಿನದು, ಉಂಗುಷ್ಟ ಕಿತ್ತದ್ದು. ಮೇಷ್ಟ್ರು ಅದನ್ನು ಈಸಿಕೊಂಡು ಮಣ್ಣು ಕೊಡವಿ ನೋಡಿ, "ನಂದೇ. ರಿಟೈರ್ಡ್ ಆದಾಗ ಹುಡುಗರು ಕೊಡಿಸಿದ್ದು" ಎಂದರು. ಹೆಣ ಪಕ್ಕದಲ್ಲಿದೆ, ನಮ್ಮವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ, ಆಳು ನಗುವುದಕ್ಕೂ ಆಗದೆ ಬಿಡುವುದಕ್ಕೂ ಆಗದೆ ನಿಂತಿದ್ದಾನೆ. ಚಪ್ಪಲಿಯನ್ನು ಗುಂಡಿಗೇ ಹಾಕುತ್ತಾರೆಂದುಕೊಂಡೆ. ಹಾಕಲಿಲ್ಲ. ಬಲಗಾಲಿನದನ್ನು ಇಷ್ಟು ದಿನ ಎಸೆಯದೆ ಅಟ್ಟದ ಮೇಲಿಟ್ಟಿದ್ದರಂತೆ. ಈಗ ಉಂಗುಷ್ಟ ಹೊಲಿಸಿ ಹಿತ್ತಲಲ್ಲಿ ಮೆಟ್ಟಿಕೊಂಡು ಓಡಾಡುತ್ತಾರೆ.

ಮಣ್ಣು ಮುಚ್ಚಿದ ಮೇಲೆ ಮುಂದೇನು ಎಂದು ಯಾರಿಗೂ ಗೊತ್ತಾಗಲಿಲ್ಲ. ಊದುಬತ್ತಿ ಹಚ್ಚಿದೆವು. ಹಾಲು ಬಿಡಬೇಕಾ? ಸೂತಕ ಉಂಟಾ? ನಾಳೆ ಗುಡಿಗೆ ಹೋಗಬಹುದಾ? ಸ್ನಾನ ಮಾಡಿದರೆ ಆಯಿತು ಅಂದರು ಅಕ್ಕ. ಹನ್ನೆರಡು ವರ್ಷ ಮನೆಯ ಮಗನಾಗಿದ್ದವನಿಗೆ ಒಂದು ಬಕೆಟ್ ಬಿಸಿನೀರಿನಲ್ಲಿ ಮುಗಿಯಿತು. "ಚನ್ನಪಟ್ಟಣದ ಹತ್ರ ಅಗ್ರಹಾರ ವಳಗೆರೆಹಳ್ಳೀಲಿ ನಾಯಿಗೇ ಗುಡಿ ಐತಲ್ಲ, ಅಲ್ಲಾದ್ರೂ ಹೋಗ್ಬರಾಣ" ಎಂದಳು ನಮ್ಮವಳು. ಆ ಗುಡಿ 2010ರಲ್ಲಿ ಕಟ್ಟಿದ್ದು. ಊರ ದೇವತೆ ಕೆಂಪಮ್ಮನ ಜೊತೆಗೆ ಅಲ್ಲಿ ನಾಯಿಯ ವಿಗ್ರಹಗಳಿಗೂ ಪೂಜೆ ಸಲ್ಲುತ್ತದೆ. ಹೋಗಿಬರೋಣ ಅಂದೆ. ಇನ್ನೂ ಹೋಗಿಲ್ಲ.

ಮೇಷ್ಟ್ರಿಗೆ ಇದು ಸಾಲಲಿಲ್ಲ. "ವಳಗೆರೆಹಳ್ಳಿ ನಿನ್ನೆ ಮೊನ್ನೇದು ಗೌಡ್ರೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಸಾವಿರ ವರ್ಷದ ಹಿಂದೇನೇ ನಾಯಿಗೆ ಕಲ್ಲು ನೆಟ್ಟಿದ್ರು" ಎಂದು ಶುರುಮಾಡಿದರು. ಈ ಕತೆಯನ್ನು ಅವರು ಹೈಸ್ಕೂಲಿನಲ್ಲಿ ಎಷ್ಟು ಸಾರಿ ಹೇಳಿದ್ದಾರೋ, ಬೇಲಿಗೆ ಬಂದದ್ದು ಈಗ. ಗಂಗರ ಬೂತುಗನ ಹತ್ತಿರ ಮಣಲೇರ ಎಂಬ ಬಂಟ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಅವನು ಮೆರೆದ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ದಿನ ಬೆಳತೂರಿನ ಗುಡ್ಡದ ಕಡೆ ಭಾರೀ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟ. ಇದು ಕ್ರಿ.ಶ. 949-50ರ ಮಾತು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದು ಕಾದುತ್ತಿರುವುದನ್ನು ಕೆತ್ತಿದ್ದಾರೆ. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ.

"ತಮಾಷೆ ಏನು ಗೊತ್ತಾ?" ಎಂದರು ಮೇಷ್ಟ್ರು. "ಚೋಳರ ರಾಜಾದಿತ್ಯ ತಕ್ಕೋಲದಲ್ಲಿ ಸತ್ತದ್ದು, ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರದ ನಾಡು ಸಿಕ್ಕಿದ್ದು, ಇದನ್ನೆಲ್ಲ ಇತಿಹಾಸದವರು ಈ ಕಲ್ಲಿನಿಂದ ಓದ್ಕೋತಾರೆ. ಕಲ್ಲು ಹಾಕಿಸಿದ್ದು ನಾಯಿಗೆ. ಚಕ್ರವರ್ತಿಗಳ ಸಮಾಚಾರ ಅದರ ಬಾಲ ಹಿಡ್ಕೊಂಡು ಬಂದಿದೆ."

ನನಗೆ ಹಿಡಿಸಿದ್ದು ಶಾಸನದ ಕೊನೆ. ಶಾಸನ ಅಂದ ಮೇಲೆ ಶಾಪ ಇರಲೇಬೇಕು, ಧರ್ಮಕ್ಕೆ ಬಿಟ್ಟ ಭೂಮಿಗೆ ಅಳುಪಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ಇಲ್ಲಿ ಹಾಗಲ್ಲ. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಯಂತೆ. ಇದನ್ನು ಕೇಳಿ ನಾನು ಬೇಲಿ ಹಿಡಿದು ನಕ್ಕೆ. ಮಣಲೇರನ ಪ್ರೀತಿಯ ಮೇಲೆ ನನಗೆ ಸಂಪೂರ್ಣ ನಂಬಿಕೆ ಬಂದದ್ದು ಅಲ್ಲಿ. ಯುದ್ಧದಲ್ಲಿ ದುಡಿದು ಬೇಡಿ ಪಡೆದ ನಾಯಿ, ಹಂದಿಯ ಜೊತೆ ಕಾದಿ ಸತ್ತ ವೀರ ನಾಯಿ, ಅಷ್ಟು ಖರ್ಚು ಮಾಡಿ ನಿಲ್ಲಿಸಿದ ಕಲ್ಲು. ಆದರೂ ಅದು ಪಾಪವನ್ನೇ ಮಾಡಿರಲಿಲ್ಲ ಎಂದು ಅವನು ಬರೆಸಲಿಲ್ಲ. ಕಾಳಿಯ ಪಾಪಗಳು ಏನೇನಿದ್ದವು ಎನ್ನುವುದು ಅವನಿಗೆ ಗೊತ್ತಿರಬೇಕು, ಆತಕೂರಿನವರಿಗೂ ಗೊತ್ತಿರಬೇಕು. ಊರಿನಲ್ಲಿ ಎಷ್ಟು ಕೋಳಿ ಹಿಡಿದಿತ್ತೋ. ಯಾರ ಮನೆಯ ಮಡಿ ಅಡುಗೆ ಮುಟ್ಟಿತ್ತೋ.

"ಟೈಗರ್ ಪಾಪ ಯಾರಿಗಾದ್ರೂ ಬಂದ್ರೆ ಅವ್ನು ಏಳು ಜನ್ಮ ಚಪ್ಪಲಿ ಹೊಲಿದ್ರೂ ತೀರಲ್ಲ" ಎಂದರು ಮೇಷ್ಟ್ರು.

ಕಾಳಿಯ ಈ ಕತೆಯ ಮುಂದೆ ಧರ್ಮರಾಯನ ನಾಯಿ ನನಗೆ ಅಷ್ಟಕ್ಕಷ್ಟೆ. ಎಲ್ಲರೂ ಅದನ್ನೇ ಹೇಳಿ ಸಮಾಧಾನ ಮಾಡಲು ಬರುತ್ತಾರೆ. ತಮ್ಮಂದಿರು, ಹೆಂಡತಿ ಎಲ್ಲ ದಾರಿಯಲ್ಲಿ ಬಿದ್ದುಹೋದರೂ ನಾಯಿ ಬಿಡಲಿಲ್ಲ, ಧರ್ಮರಾಯನೂ ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ. ಅಲ್ಲಿಯವರೆಗೆ ಕತೆ ಬಲು ಚೆನ್ನ. ಆಮೇಲೆ ಅದು ನಾಯಿಯೇ ಅಲ್ಲ, ಸಾಕ್ಷಾತ್ ಯಮಧರ್ಮ ಅನ್ನುತ್ತಾರೆ. ಎಲ್ಲ ಕೆಟ್ಟಿತು. ನಾಯಿ ನಾಯಿಯಾಗಿಯೇ ಒಳಗೆ ಹೋಗಿ ಇಂದ್ರನ ಪಾದರಕ್ಷೆಯ ಎಡಗಾಲಿನದನ್ನು ಎತ್ತಿಕೊಂಡು ಓಡಿದ್ದರೆ ವ್ಯಾಸರ ಗಂಟೇನು ಹೋಗುತ್ತಿತ್ತು? ಹೊಸ್ತಿಲು ದಾಟಗೊಡದೆ ನಾಯಿಯನ್ನು ಹಚಾ ಅನ್ನುವ ನಮ್ಮ ಜನಕ್ಕೆ ಸ್ವರ್ಗದ ಬಾಗಿಲಿನಲ್ಲೂ ಅದನ್ನು ಬಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ ಅಂತ ನನ್ನ ಅನುಮಾನ.

ಮೇಷ್ಟ್ರ ಮುನಿಸು ಕುವೆಂಪು ಅವರ ಮೇಲೆ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿಯ ಹಿಂದೆ ಮುಂದೆ ಮಲೆನಾಡನ್ನೆಲ್ಲ ಸುತ್ತಿದ ಅವನ ನಾಯಿ ಹುಲಿಯ ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತಾನೆ. "ಅಷ್ಟು ದೊಡ್ಡ ಕಾದಂಬರೀಲಿ ಒಂದು ನಾಯಿಗೆ ದೋಣೀಲಿ ಜಾಗ ಸಿಗಲಿಲ್ವಾ? ಆ ಪುಟ ಬಂದ್ರೆ ನಾನು ಮಗುಚಿಬಿಡ್ತೀನಿ" ಅನ್ನುತ್ತಾರೆ. ಮಗ ತೇಜಸ್ವಿ 'ಕರ್ವಾಲೊ' ಬರೆದಾಗ ಕಿವಿ ಎಂಬ ನಾಯಿಯನ್ನು ಉಳಿಸಿಕೊಂಡರು ಎನ್ನುವುದು ಅವರಿಗೊಂದು ಸಮಾಧಾನ. "ಹುಲಿಯ ಅಂದ್ರೂ ಟೈಗರ್ ಅಂದ್ರೂ ಒಂದೇ ಅಲ್ವೇನ್ರಿ" ಎಂದು ಒಂದು ಸಂಜೆ ಹೇಳಿ, ಕನ್ನಡ ಮೇಷ್ಟ್ರ ಪಕ್ಕದಲ್ಲಿದ್ದುಕೊಂಡು ನಾಯಿಗೆ ಇಂಗ್ಲಿಷ್ ಹೆಸರಿಟ್ಟದ್ದಕ್ಕೆ ನನ್ನನ್ನು ಇನ್ನೊಂದು ಸಲ ಬೈದರು.

ಟೈಗರ್ ಹೋದ ಸುದ್ದಿ ತಿಳಿದು ನಿಜವಾಗಿ ಬದುಕು ಬದಲಾದದ್ದು ಬೆಳಗಿನ ಹೂಗಳ್ಳರಿಗೆ. ಐದೂವರೆಗೆ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕೊಕ್ಕೆ ಕಟ್ಟಿದ ಕೋಲು ಹಿಡಿದು ವಾಕಿಂಗ್ ಬರುವ ಭಕ್ತರು ಇವರು. ಟೈಗರ್ ಇದ್ದಾಗ ನಮ್ಮ ಕಾಂಪೌಂಡಿನ ದಾಸವಾಳಕ್ಕೆ ಕೈ ಹಾಕಲು ಹೆದರುತ್ತಿದ್ದರು. ಮೊನ್ನೆ ಒಬ್ಬ ಹಿರಿಯರು ಕೊಂಬೆ ಬಗ್ಗಿಸಿ ಹಿಡಿದೇ, "ಎಲ್ಲಿ, ನಾಯಿ ಕಾಣ್ತಿಲ್ಲ?" ಎಂದು ಕೇಳಿದರು. ಹೀಗಾಯ್ತು ಅಂದೆ. "ಛೆ ಛೆ ಛೆ" ಎಂದು ಮನಸಾರೆ ಮರುಗಿ, ಇನ್ನೆರಡು ಹೂ ಕಿತ್ತುಕೊಂಡು ಹೋದರು. ಮರುದಿನದಿಂದ ಮೊಗ್ಗೂ ಉಳಿಯುತ್ತಿಲ್ಲ. ಹಿತ್ತಲಲ್ಲಿ ಹೆಗ್ಗಣಗಳದ್ದೂ ಇದೇ ದರ್ಬಾರು. ತೆಂಗಿನ ಬುಡ ಬಿಟ್ಟು ಈಗ ಮೇಷ್ಟ್ರ ಗೆಣಸಿನ ಮಡಿಗೂ ಬಿಲ ತೋಡಿವೆ. ಟೈಗರ್ ಹೆಗ್ಗಣ ಹಿಡಿದದ್ದು ನಾನಂತೂ ನೋಡಿಲ್ಲ. ಆದರೆ ಹೆಗ್ಗಣಗಳಿಗೆ ಅದು ಗೊತ್ತಿರಲಿಲ್ಲ.

ಈಗ ಪಿತೃಪಕ್ಷ ಹತ್ತಿರ ಬಂತು, ಹೊಸ ತಕರಾರು ಎದ್ದಿದೆ. ಹಿಂದಿನ ಕತೆ ಹೇಳದೆ ಇದು ಅರ್ಥವಾಗುವುದಿಲ್ಲ. ನಮ್ಮಪ್ಪ ತೀರಿಕೊಂಡ ಮೇಲಿನ ಒಂದು ಪಿತೃಪಕ್ಷದಲ್ಲಿ ಎಂದಿನಂತೆ ನಡುಮನೆಯಲ್ಲಿ ಫೋಟೊ ಮುಂದೆ ಎಡೆ ಇಟ್ಟೆವು. ಮುದ್ದೆ, ಕೈಮದ ಉಂಡೆ ಸಾರು, ಬೋಟಿ ಗೊಜ್ಜು, ವಡೆ, ಕಜ್ಜಾಯ, ಎಲೆಯ ಪಕ್ಕ ಅಪ್ಪನ ಬೀಡಿ ಕಟ್ಟು. ಧೂಪ ಹಾಕಿ, ಹಿರಿಯರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಹೊತ್ತು ಕಳೆದು ಬಾಗಿಲು ತೆಗೆದರೆ ಎಲೆ ತೊಳೆದಿಟ್ಟ ಹಾಗಿದೆ. ಪಕ್ಕದಲ್ಲಿ ಟೈಗರ್ ಮೂತಿ ನೆಕ್ಕಿಕೊಳ್ಳುತ್ತ ಕೂತಿದ್ದಾನೆ. ಮಂಚದ ಅಡಿ ಮೊದಲೇ ಸೇರಿಕೊಂಡಿದ್ದನ್ನು ಯಾರೂ ನೋಡಿರಲಿಲ್ಲ. ನಾನು ಕೋಲು ಹುಡುಕಿದೆ. ನಮ್ಮವ್ವ ಕೈ ಹಿಡಿದು ನಿಲ್ಲಿಸಿದಳು. ಎಲೆಯನ್ನೇ ನೋಡಿ, "ಬೀಡಿ ಮುಟ್ಟಿಲ್ಲ ನೋಡ್ಲಾ. ಡಾಕುಟ್ರು ಬುಡಿಸಿದ್ರಲ್ಲ, ಅದ್ಕೇಯ" ಎಂದು ಕೈ ಮುಗಿದಳು. ಅವತ್ತಿನಿಂದ ಅವ್ವ ಬದುಕಿದ್ದಷ್ಟು ದಿನವೂ ಟೈಗರನನ್ನು ಬಹುವಚನದಲ್ಲೇ ಮಾತಾಡಿಸಿದ್ದು. "ಉಂಡ್ರಾ?" "ಬಿಸ್ಲಲ್ಲಿ ಯಾಕ್ ಮನಗಿದ್ದೀರಿ, ಒಳೀಕ್ ಬನ್ನಿ."

ಹಾಗಾಗಿ ಈ ವರ್ಷ ಅಪ್ಪನಿಗೊಂದು ಎಲೆ, ಅವ್ವನಿಗೊಂದು ಎಲೆ, ಮೂರನೆಯದು ಹಾಕುವುದೋ ಬೇಡವೋ ಎನ್ನುವುದು ನಮ್ಮವಳ ಪ್ರಶ್ನೆ. ಮೂರನೆಯದು ಹಾಕಿದರೆ ಜನ ಏನನ್ನುತ್ತಾರೋ ಎಂದು ನಾನು. ಜನ ಯಾತಕ್ಕೆ ಬರ್ತಾರೆ ನಡುಮನೆಗೆ ಎಂದು ಅವಳು. ಹಾಕಿದರೆ ಏನು ಬಡಿಸುವುದು ಎನ್ನುವಲ್ಲಿಗೆ ಮಾತು ಬೇಲಿಯ ಹತ್ತಿರ ಹೋಯಿತು. ಅಕ್ಕ ಕೈಯಲ್ಲಿದ್ದ ಹುರುಳಿಕಾಯಿ ಮೊರ ಕೆಳಗಿಟ್ಟು, "ಸಂಡಿಗೆ ನಾನು ಕೊಡ್ತೀನಿ. ಅವನು ಜಾಸ್ತಿ ತಿಂದಿದ್ದು ನಮ್ಮನೇದೇ ತಾನೆ" ಎಂದರು.

"ಬೋಟಿ ಪಕ್ಕದಲ್ಲಿ ನಿಮ್ಮನೆ ಸಂಡಿಗೆ ಇಡಬೈದಾ ಅಕ್ಕ?"

"ಅವನಿಗ್ಯಾವ ಮಡಿ ಬಿಡು. ಅರಳು ಸಂಡಿಗೆ ಕರಿದು ಕಳಿಸ್ತೀನಿ."

"ಕರೀಬೇಡಿ ಅಕ್ಕ, ಹಸೀದೇ ತಿಂತಿದ್ದುದು."

"ಹಸೀದಾ? ಒಣಗಿದ ಮೇಲೆ ಅಲ್ವಾ ತಿಂದಿದ್ದು?"

"ಒಣಗಕ್ಕೆ ಎಲ್ಲಿ ಬುಡ್ತಿದ್ದ!"

ಬೂದುಗುಂಬಳದ ಸಂಡಿಗೆಯನ್ನು ಅವನು ಮೂಸುತ್ತಿರಲಿಲ್ಲ ಎಂದು ಅಕ್ಕ, ಅದನ್ನೇ ಮೊದಲು ಖಾಲಿ ಮಾಡುತ್ತಿದ್ದ ಎಂದು ನಮ್ಮವಳು. ಮೇಷ್ಟ್ರು ನನ್ನ ಕಡೆ ನೋಡಿ, "ಇದು ಈಗಲೇ ಮುಗಿಯಲ್ಲ, ಬನ್ನಿ ಗೌಡ್ರೆ, ಆ ಹೆಗ್ಗಣದ ಬಿಲ ಎಲ್ಲಿಗೆ ಹೋಗಿದೆ ನೋಡೋಣ" ಎಂದು ಗುದ್ದಲಿ ತೆಗೆದುಕೊಂಡರು.